ಟಾಟಾ ಆಸ್ಪತ್ರೆಗೆ ಹೊರಟವರಿಗೆ: ಸ್ಲೈಡು, ಶಿವದಾರ, ಜೋಳದ ನುಚ್ಚು

ಊರಿನ ಡಾಕ್ಟರು "ಒಮ್ಮೆ ಮುಂಬೈಗೆ ತೋರಿಸಿಕೊಂಡು ಬನ್ನಿ" ಎಂದು ಚೀಟಿ ಬರೆದುಕೊಟ್ಟ ದಿನ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಮೊದಲು ಮನೆದೇವರಿಗೆ ಹೋಗಿ ಬರೋಣ ಎನ್ನುವವರು ಒಂದು ಕಡೆ, ಅದೆಲ್ಲ ಆಮೇಲೆ, ಮೊದಲು ರೈಲು ಹತ್ತಿ ಎನ್ನುವವರು ಇನ್ನೊಂದು ಕಡೆ. ದೊಡ್ಡವ್ವನಿಗೆ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾದಾಗ ಬಾಗಲಕೋಟೆ ಕಡೆಯ ನಮ್ಮ ಮನೆಯಲ್ಲೂ ಇದೇ ಆಯಿತು. ತೀರ್ಮಾನ ಮಾಡಿದವಳು ದೊಡ್ಡವ್ವನೇ. "ನನ್ನ ದೇವರು ನನ್ನ ಕೊರಳಲ್ಲೇ ಇದ್ದಾನೆ. ಅವನನ್ನು ನೋಡಲು ಬೇರೆ ಬಸ್ಸು ಹಿಡಿಯಬೇಕೇ? ಟಿಕೆಟ್ ಮಾಡಿಸು" ಎಂದಳು. ಅವಳ ಜೊತೆ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಓಡಾಡಿ, ಈಗಲೂ ತಪಾಸಣೆಗೆ ಹೋಗಿ ಬರುತ್ತಿರುವ ನಾನು, ಅದೇ ದಾರಿ ಹಿಡಿಯಲಿರುವ ಮನೆಯವರಿಗೆ ತಿಳಿದದ್ದನ್ನು ಹೇಳುತ್ತಿದ್ದೇನೆ. ಹರಕೆ ಹೊರಬೇಡಿ ಎನ್ನುವುದಿಲ್ಲ. ಹರಕೆ ತೀರಿಸಿಯೇ ಹೊರಡುತ್ತೇವೆ ಎಂದು ವಾರಗಟ್ಟಲೆ ಕಳೆಯಬೇಡಿ ಎನ್ನುತ್ತೇನೆ. ದೇವರಿಗೆ ಕಾಯುವ ತಾಳ್ಮೆಯಿದೆ, ಈ ಕಾಯಿಲೆಗೆ ಇಲ್ಲ.

ಮುಂಬೈಗೆ ಹೋಗಲೇಬೇಕೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಜಾಲದಲ್ಲಿ ಟಾಟಾ ಜೊತೆಗೆ ದೇಶದ ಅನೇಕ ಆಸ್ಪತ್ರೆಗಳು ಸೇರಿವೆ. ನವ್ಯಾ ಎಂಬ ಆನ್‌ಲೈನ್ ಸೇವೆಗೆ ವರದಿಗಳನ್ನು ಕಳಿಸಿದರೆ ಮನೆಯಲ್ಲಿದ್ದುಕೊಂಡೇ ತಜ್ಞರ ಅಭಿಪ್ರಾಯ ಪಡೆಯಬಹುದು. ಟಾಟಾಕ್ಕೆ ಹೋದ ಮೇಲೂ, ಚಿಕಿತ್ಸೆಯ ಯೋಜನೆ ಬರೆಸಿಕೊಂಡು ಒಂದಷ್ಟನ್ನು ಊರಿನ ಹತ್ತಿರ ಮಾಡಿಸಿಕೊಳ್ಳಬಹುದೇ ಎಂದು ಕೇಳಲು ಹಿಂಜರಿಯಬೇಡಿ. ಬಾಯಿ, ಗಂಟಲಿನ ರೇಡಿಯೇಶನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. ಅಷ್ಟು ಕಾಲ ಮುಂಬೈಯಲ್ಲಿ ಇರುವುದು ಎಲ್ಲರ ಕೈಲೂ ಆಗುವುದಿಲ್ಲ.

ಹೊರಡುವಾಗ ಕೈಯಲ್ಲಿ ಇರಲೇಬೇಕಾದದ್ದು ಬಯಾಪ್ಸಿಗೆ ತೆಗೆದ ತುಂಡಿನ ಸ್ಲೈಡು (ತೆಳು ಪದರ ಹಚ್ಚಿದ ಗಾಜು) ಮತ್ತು ಬ್ಲಾಕ್. ವರದಿಯ ಕಾಗದವೊಂದೇ ಸಾಲದು. ತೆಗೆದ ತುಂಡನ್ನು ಊರಿನ ಪ್ರಯೋಗಾಲಯದವರು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರಲ್ಲ, ಅದೇ ಬ್ಲಾಕ್. ಟಾಟಾದಲ್ಲಿ ಅದನ್ನು ತಾವೇ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಅದಿಲ್ಲದೆ ಹೋದರೆ ದಿನಗಳು ವ್ಯರ್ಥವಾಗುತ್ತವೆ. ಸ್ಕ್ಯಾನಿನ ಫಿಲ್ಮು ಮತ್ತು ಸಿ.ಡಿ., ರೋಗಿಯ ಮತ್ತು ಜೊತೆಯವರ ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್, ಎಲ್ಲದರ ನಕಲು, ಒಂದಷ್ಟು ಫೋಟೊ. ಇವೆಲ್ಲ ನೀರು ಹೋಗದ ಚೀಲದಲ್ಲಿರಲಿ. ಮಳೆಗಾಲದಲ್ಲಿ ದಾದರ್ ಮತ್ತು ಪರೇಲ್ ನಡುವಿನ ಹಿಂದಮಾತಾದಲ್ಲಿ ರಸ್ತೆಯೇ ಹೊಳೆಯಾಗುವುದು ಮುಂಬೈಯವರಿಗೆಲ್ಲ ಗೊತ್ತು.

ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ದಾದರ್‌ವರೆಗೆ ಬರುವ ರೈಲಿದೆ. ಬಾಗಲಕೋಟೆ, ವಿಜಯಪುರದವರು ಸೊಲ್ಲಾಪುರದ ಮೇಲಿನ ರೈಲಿನಲ್ಲಿ ಬಂದು ದಾದರ್‌ನಲ್ಲೇ ಇಳಿದರೆ ಅನುಕೂಲ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತೃತೀಯ ಎ.ಸಿ.ಯಲ್ಲಿ ರೈಲ್ವೆ ಪೂರ್ತಿ ರಿಯಾಯಿತಿ ಕೊಡುತ್ತದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟ ಪತ್ರ ಬೇಕು. ಟಿಕೆಟ್ಟನ್ನು ನಿಲ್ದಾಣದ ಕೌಂಟರಿನಲ್ಲಿ ಮಾಡಿಸಬೇಕು. ಇಂಥ ಸೌಲಭ್ಯ ಇದೆ ಎಂಬುದೇ ಗೊತ್ತಿಲ್ಲದೆ ಸಾಲ ಮಾಡಿ ಬಂದವರನ್ನು ಕಂಡಿದ್ದೇನೆ. ದಾದರ್‌ನಿಂದ ಪರೇಲ್ ಒಂದೇ ನಿಲ್ದಾಣವಾದರೂ, ರೋಗಿ ಜೊತೆಗಿದ್ದರೆ ಬೆಳಗಿನ ಹೊತ್ತು ಲೋಕಲ್ ಬೇಡ, ಮೀಟರ್ ಹಾಕಿಸಿ ಟ್ಯಾಕ್ಸಿ ಹಿಡಿಯಿರಿ. ಮುಂದೆ ಲೋಕಲ್‌ನಲ್ಲಿ ಓಡಾಡುವಾಗ, ಅಂಗವಿಕಲರಿಗೆಂದು ಇರುವ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಕುಳಿತುಕೊಳ್ಳಬಹುದು.

ಈ ಆಸ್ಪತ್ರೆಯ ಹಿಂದೆ ಒಂದು ಮನೆಯ ದುಃಖವಿದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿಯೂ ಹೋದರು. ಅವರ ಹೆಸರಿನ ಟ್ರಸ್ಟ್ 1941ರ ಫೆಬ್ರುವರಿ 28ರಂದು ಪರೇಲಿನಲ್ಲಿ ಆಸ್ಪತ್ರೆಯನ್ನು ತೆರೆಯಿತು. 1962ರಿಂದ ಅದು ಕೇಂದ್ರದ ಪರಮಾಣು ಶಕ್ತಿ ಇಲಾಖೆಯ ಕೈಯಲ್ಲಿದೆ. ಸರತಿಯಲ್ಲಿ ಗಂಟೆಗಟ್ಟಲೆ ನಿಂತು ಕಾಲು ನೋಯುವಾಗ ನಾನು ಇದನ್ನು ನೆನೆಯುತ್ತಿದ್ದೆ.

ಸರತಿ ಇದ್ದೇ ಇರುತ್ತದೆ. ಬೆಳಿಗ್ಗೆ ಬೇಗ ಹೋಗಿ. ನೋಂದಣಿಯಲ್ಲಿ ಜನರಲ್, ಪ್ರೈವೇಟ್ ಎಂದು ಕೇಳುತ್ತಾರೆ, ಕೈಯಲ್ಲಿರುವ ಹಣವನ್ನು ಲೆಕ್ಕ ಹಾಕಿ ಉತ್ತರ ಕೊಡಿ. ರೋಗಿಯ ಹೆಸರಿನಲ್ಲಿ ಒಂದು ಕಾರ್ಡ್ ಮಾಡಿಕೊಡುತ್ತಾರೆ, ಅದಕ್ಕೆ ಹಣ ತುಂಬಿಸಿದರೆ ಪರೀಕ್ಷೆಗಳ ಖರ್ಚು ಅದರಲ್ಲೇ ಕಳೆಯುತ್ತದೆ. ಮೊದಲ ದಿನವೇ ಚಿಕಿತ್ಸೆ ಶುರುವಾಗುತ್ತದೆಂದು ಎಣಿಸಬೇಡಿ. ಹಣದ ಚಿಂತೆ ಇದ್ದವರು ನಾಚಿಕೆ ಬಿಟ್ಟು ವೈದ್ಯಕೀಯ ಸಮಾಜ ಸೇವಾ ವಿಭಾಗಕ್ಕೆ ಹೋಗಿ. ಯಾವ ಯೋಜನೆ ಅನ್ವಯಿಸುತ್ತದೆ, ಯಾವ ಟ್ರಸ್ಟಿಗೆ ಅರ್ಜಿ ಹಾಕಬೇಕು, ಎಲ್ಲಿ ಇಳಿದುಕೊಳ್ಳಬಹುದು ಎಂಬುದನ್ನು ಅಲ್ಲಿ ಹೇಳುತ್ತಾರೆ. ಪರಿಹಾರ ನಿಧಿಗಳಿಗೆ ಬೇಕಾಗುವ ಅಂದಾಜು ವೆಚ್ಚದ ಪತ್ರವನ್ನೂ ಆಸ್ಪತ್ರೆಯಿಂದ ಕೇಳಿ ಪಡೆದುಕೊಳ್ಳಿ. "ಬೇಗ ನಂಬರ್ ಕೊಡಿಸುತ್ತೇನೆ" ಎಂದು ರಸ್ತೆಯಲ್ಲಿ ಹತ್ತಿರ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೀಮೊ ಬಿಡಿ, ಈ ಪುಡಿ ಕುಡಿಯಿರಿ ಎನ್ನುವವರನ್ನು ಹತ್ತಿರವೇ ಬಿಟ್ಟುಕೊಳ್ಳಬೇಡಿ. ಅವರು ದೇವರ ಹೆಸರು ಹೇಳಿಕೊಂಡು ಬಂದರೂ ಅಷ್ಟೇ.

ಇಳಿದುಕೊಳ್ಳಲು ದಾದರ್ ಪೂರ್ವದಲ್ಲಿ ಸಂತ ಗಾಡಗೆ ಮಹಾರಾಜ ಧರ್ಮಶಾಲೆ ಇದೆ, ಪರೇಲಿನಲ್ಲಿ ನಾನಾ ಪಾಲ್ಕರ್ ಸ್ಮೃತಿ ಸಮಿತಿಯ ರುಗ್ಣ ಸೇವಾ ಸದನವಿದೆ. ಚಿಕಿತ್ಸೆಗೆ ಬಂದ ಮಕ್ಕಳಿದ್ದರೆ ಸೇಂಟ್ ಜೂಡ್ ಕೇಂದ್ರಗಳು ಮಗುವಿಗೂ ಹೆತ್ತವರಿಗೂ ಉಚಿತವಾಗಿ ಜಾಗ ಕೊಡುತ್ತವೆ. ಎಲ್ಲ ಕಡೆಯೂ ಆಸ್ಪತ್ರೆಯ ಕಾಗದ ಕೇಳುತ್ತಾರೆ, ಎಲ್ಲ ಕಡೆಯೂ ನೂಕುನುಗ್ಗಲು. ಜಾಗ ಸಿಗುವವರೆಗೆ ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ಚಾಪೆ ಹಾಸಿಕೊಂಡು ಮಲಗುವ ಕುಟುಂಬಗಳನ್ನು ನೀವು ನೋಡುತ್ತೀರಿ. ಬಂಗಾಳ, ಬಿಹಾರ, ಉತ್ತರ ಪ್ರದೇಶ, ಅಸ್ಸಾಂ, ನಮ್ಮ ಕಲಬುರಗಿಯವರೂ ಇರುತ್ತಾರೆ. ಆ ರಸ್ತೆಗೆ ದಾನಿಗಳು ಊಟ ತಂದು ಹಂಚುತ್ತಾರೆ. ಜೀವನ್ ಜ್ಯೋತ್ ಎಂಬ ಟ್ರಸ್ಟ್ ದಶಕಗಳಿಂದ ಟಾಟಾದ ರೋಗಿಗಳಿಗೆ ಊಟ, ಔಷಧದ ನೆರವು ಕೊಡುತ್ತಾ ಬಂದಿದೆ.

ಊಟದ ಸಾಲಿನಲ್ಲಿ ನಿಲ್ಲುವುದು ನಮ್ಮಂಥ ಒಕ್ಕಲು ಮನೆಯವರಿಗೆ ಸುಲಭವಲ್ಲ. ಕಣದಲ್ಲಿ ಬಂದವರಿಗೆ ಮೊರ ತುಂಬ ಜೋಳ ಕೊಟ್ಟ ಕೈ, ಪರರ ಮುಂದೆ ತಟ್ಟೆ ಹಿಡಿಯಲು ಒಪ್ಪುವುದಿಲ್ಲ. ನಾನು ದೂರ ನಿಂತಿದ್ದೆ. ದೊಡ್ಡವ್ವ ಮಾತ್ರ ಸೆರಗು ಸರಿಮಾಡಿಕೊಂಡು ಹೋಗಿ ತಟ್ಟೆ ಹಿಡಿದಳು. ಅನ್ನ, ಬೇಳೆಸಾರು ಹಾಕಿಸಿಕೊಂಡು ತಟ್ಟೆಯನ್ನು ಹಣೆಗೆ ಮುಟ್ಟಿಸಿದಳು. "ಮಠದಲ್ಲಿ ದಾಸೋಹಕ್ಕೆ ಕುಳಿತಾಗ ನಾಚಿಕೆಯಾಗುತ್ತದೆಯೇ? ಇದೂ ಪ್ರಸಾದವೇ, ಬಾ" ಎಂದಳು. ಆಮೇಲೆ ಧರ್ಮಶಾಲೆಯಲ್ಲಿ ಯಾರೋ ಗಾಡಗೆ ಬಾಬಾರ ವಿಷಯ ಹೇಳಿದರು. ಪೊರಕೆ ಹಿಡಿದು ಊರೂರು ಗುಡಿಸಿ, ಸಂಜೆ ಕೀರ್ತನೆ ಮಾಡಿ, ಬಂದ ಹಣದಲ್ಲಿ ಧರ್ಮಶಾಲೆ ಕಟ್ಟಿಸಿದವರು, 1956ರಲ್ಲಿ ತೀರಿಕೊಂಡರು. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಮನೆಯಿಲ್ಲದವರಿಗೆ ಆಸರೆ, ರೋಗಿಗೆ ಔಷಧ ಎಂಬುದು ಅವರ ಉಪದೇಶ. ಕೇಳಿ ದೊಡ್ಡವ್ವ "ಹಾಗಾದರೆ ಇವರು ನಮ್ಮ ಶರಣರೇ" ಎಂದುಬಿಟ್ಟಳು. ಆ ದಿನದಿಂದ ಅವಳಿಗೆ ಮುಂಬೈ ಪರಸ್ಥಳವಾಗಿ ಉಳಿಯಲಿಲ್ಲ. ನಂಬಿಕೆ ಗಟ್ಟಿಯಾಗಿದ್ದವರಿಗೆ ಕೊಡುವುದಷ್ಟೇ ಅಲ್ಲ, ಪಡೆಯುವುದೂ ಬರುತ್ತದೆ ಎಂಬುದನ್ನು ನಾನು ಅವಳಲ್ಲಿ ಕಂಡೆ. ನಿಮ್ಮ ಮನೆಯ ಹಿರಿಯರು ಹಿಂಜರಿದರೆ ಅವರಿಗೆ ಇದನ್ನು ಹೇಳಿ.

ಈಗ ಲಿಂಗಾಯತ ಮನೆಯವರಿಗೆ ಮುಖ್ಯವಾದ ಒಂದು ವಿಷಯ. ಸ್ಕ್ಯಾನಿಗೆ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಬಳೆ, ಕಾಲುಂಗುರ, ಮೂಗುತಿಯನ್ನು ದೊಡ್ಡವ್ವ ಬಿಚ್ಚಿಕೊಟ್ಟಳು. ತಾಳಿಯ ಬದಲು ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಂಡು ಊರಿನಿಂದಲೇ ಬಂದಿದ್ದಳು. ಆದರೆ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹುಟ್ಟಿದಂದಿನಿಂದ ಮೈಯಿಂದ ಅಗಲದ ಲಿಂಗ. "ಪ್ರಾಣ ಹೋಗುವಾಗಲೂ ಇದು ನನ್ನ ಮೇಲೆ ಇರಬೇಕು, ತೆಗೆಯುವುದಿಲ್ಲ" ಎಂದು ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಹೊರಗೆ ಸಾಲು ಬೆಳೆಯುತ್ತಿತ್ತು. ಗದರಿಸುತ್ತಾರೆಂದು ನಾನು ಅಂದುಕೊಂಡೆ. ಸ್ಕ್ಯಾನ್ ಮಾಡುವ ಹುಡುಗಿಯ ಕೊರಳಲ್ಲಿ ಸಣ್ಣ ಶಿಲುಬೆಯಿತ್ತು. ಅವಳು ದೊಡ್ಡವ್ವನ ಮುಂದೆ ಮೊಣಕಾಲೂರಿ ಕುಳಿತು, ನನ್ನ ಹರಕು ಹಿಂದಿಯ ಮೂಲಕ, ಒಳಗಿರುವುದೂ ಲೋಹವೇ ಎಂದು ಕೇಳಿದಳು. ಅಲ್ಲ, ಕಂತಿ ಎಂಬ ಕಪ್ಪು ಲೇಪ ಕಟ್ಟಿದ ಕಲ್ಲು ಎಂದೆ. ಕೂಡಲೇ ಹತ್ತಿಯ ಬಟ್ಟೆಯ ತುಂಡು ತಂದುಕೊಟ್ಟಳು. ಲಿಂಗವನ್ನು ತಾನು ಮುಟ್ಟಲಿಲ್ಲ. ದೊಡ್ಡವ್ವನೇ ಕರಡಿಗೆ ತೆರೆದು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿದುಕೊಂಡಳು. ಆ ಕೈ ಚಿತ್ರಕ್ಕೆ ಅಡ್ಡ ಬಾರದಂತೆ ಹುಡುಗಿ ಸರಿಪಡಿಸಿ, ಬೆರಳುಗಳ ಮೇಲೆ ಮೆಲ್ಲಗೆ ಪಟ್ಟಿ ಸುತ್ತಿದಳು, ನಡುವೆ ಜಾರಬಾರದೆಂದು. ಎಲ್ಲ ಸೇರಿ ಐದು ನಿಮಿಷ ಆಗಿರಬಹುದು. ಆ ಐದು ನಿಮಿಷವನ್ನು ಅವಳು ಕೊಡಬೇಕಾಗಿರಲಿಲ್ಲ.

ಆದ್ದರಿಂದ ಊರಿನಿಂದಲೇ ಹತ್ತಿಯ ವಸ್ತ್ರ ಮತ್ತು ಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ಶಿವದಾರ ತೆಗೆದುಕೊಂಡು ಹೋಗಿ, ಬೆಳ್ಳಿಯದನ್ನು ಮನೆಯಲ್ಲಿ ಬಿಡಿ. ಪರೀಕ್ಷೆಯ ಕೋಣೆಗೆ ಹೋಗುವ ಮೊದಲೇ ವಿಷಯ ತಿಳಿಸಿ. ಎಂ.ಆರ್.ಐ. ಮತ್ತು ಆಪರೇಷನ್ ಕೋಣೆಯ ನಿಯಮಗಳು ಇನ್ನೂ ಬಿಗಿ. ಅಲ್ಲಿ ಬೇಡ ಎಂದರೆ ವಾದ ಮಾಡಬೇಡಿ, ನಿಮ್ಮಲ್ಲೊಬ್ಬರು ಲಿಂಗವನ್ನು ಧರಿಸಿ ಬಾಗಿಲಲ್ಲೇ ನಿಲ್ಲಿ. ದೊಡ್ಡವ್ವನ ಆಪರೇಷನ್ ದಿನ ನಾನು ಹಾಗೆಯೇ ನಿಂತಿದ್ದೆ.

ಆಪರೇಷನ್ ಆದ ಮೇಲೆ ಮೂಗಿನ ನಳಿಕೆಯಲ್ಲೇ ಊಟ. ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನು ಆಹಾರ ತಜ್ಞರು ಹೇಳಿಕೊಡುತ್ತಾರೆ. ಆದರೆ ಕೈಗೆ ಅಭ್ಯಾಸ ಬರುವುದು ಬೇರೆ. ಅದನ್ನು ಕಲಿಸಿದವಳು ಧರ್ಮಶಾಲೆಯ ಅಡುಗೆಕಟ್ಟೆಯಲ್ಲಿ ಸಿಕ್ಕ ಬಿಹಾರದ ಹೆಂಗಸು, ಗಂಡನನ್ನು ಕರೆತಂದವಳು. ಗಂಜಿಯನ್ನು ಎರಡು ಸಲ ಸೋಸಬೇಕು, ರೋಗಿಯನ್ನು ನೆಟ್ಟಗೆ ಕೂರಿಸಿಯೇ ಹಾಕಬೇಕು, ಹಾಕಿದ ಮೇಲೆ ನಳಿಕೆಗೆ ನೀರು ಬಿಡಬೇಕು, ಇಲ್ಲವಾದರೆ ಕಟ್ಟಿಕೊಳ್ಳುತ್ತದೆ ಎಂದು ಸನ್ನೆಯಲ್ಲೇ ತೋರಿಸಿದಳು. ನಾವು ಊರಿನಿಂದ ಜೋಳದ ನುಚ್ಚು ಒಯ್ದಿದ್ದೆವು. ನೀವೂ ಒಯ್ಯಿರಿ. ರೊಟ್ಟಿ ತಿನ್ನುವ ನಾಲಿಗೆಗೆ ಮುಂಬೈಯ ಪಾವ್ ಹಿಡಿಸುವುದಿಲ್ಲ, ಬಾಯಿ ಹುಣ್ಣಾದಾಗ ಮೆತ್ತಗೆ ಬೇಯಿಸಿ ಮಜ್ಜಿಗೆ ಕಲಸಿದ ನುಚ್ಚು ಇಳಿಯುತ್ತದೆ. ನಳಿಕೆ ತೆಗೆದ ಮೇಲೆ ದೊಡ್ಡವ್ವ ತಾನೇ ಒಲೆಯ ಮುಂದೆ ನಿಂತು ದೊಡ್ಡ ಪಾತ್ರೆಯಲ್ಲಿ ನುಚ್ಚು ಬೇಯಿಸಿ ಅಕ್ಕಪಕ್ಕದವರಿಗೆಲ್ಲ ಹಾಕಿದಳು. ಸಾಕು ಕುಳಿತುಕೋ ಎಂದರೆ ಕೇಳುವವಳಲ್ಲ. ಇಡ್ಲಿ, ಮೊಸರನ್ನ ಬೇಕೆನಿಸಿದರೆ ಮಾಟುಂಗಾ ಹತ್ತಿರದಲ್ಲೇ ಇದೆ. ಅಲ್ಲಿನ ಉಡುಪಿ ಹೋಟೆಲುಗಳಲ್ಲಿ ಕನ್ನಡ ನಡೆಯುತ್ತದೆ. ಅಲ್ಲಿ ಕೆಲಸ ಮಾಡುವ ಕುಂದಾಪುರದ ಹುಡುಗನೊಬ್ಬ, ನಾವು ಟಾಟಾದಿಂದ ಬಂದವರೆಂದು ತಿಳಿದು, ತನ್ನ ರಜೆಯ ದಿನ ಬಂದು ರಕ್ತ ಕೊಟ್ಟು ಹೋದ. ನೋಡಲು ಬರುತ್ತೇವೆ ಎನ್ನುವ ನೆಂಟರಿಗೂ ಹಣ್ಣು ತರಬೇಡಿ, ರಕ್ತ ಕೊಡಿ ಎಂದು ಹೇಳಿ.

ಬಿಡುವಿದ್ದ ದಿನ ದೇವರ ದರ್ಶನಕ್ಕೆ ಹೋಗಬಹುದು. ಸಿದ್ಧಿವಿನಾಯಕ ಪ್ರಭಾದೇವಿಯಲ್ಲಿದೆ, ಮಂಗಳವಾರ ಮಾತ್ರ ಬೇಡ, ಆ ದಿನದ ಸಾಲನ್ನು ರೋಗಿ ತಡೆಯಲಾರರು. ಮಾಹಿಮ್ ಚರ್ಚಿನ ಬುಧವಾರದ ಪ್ರಾರ್ಥನೆಗೆ ಎಲ್ಲ ಧರ್ಮದವರೂ ಬರುತ್ತಾರೆ. ನಮ್ಮ ಪಕ್ಕದ ಚಾಪೆಯ ಮುಸ್ಲಿಂ ತಾಯಿ ಹಾಜಿ ಅಲಿಗೆ ಹೋಗುವಾಗ ದೊಡ್ಡವ್ವನನ್ನೂ ಕರೆದಿದ್ದಳು. ಹೋಗುವಷ್ಟು ಶಕ್ತಿ ಇವಳಿಗೆ ಇರಲಿಲ್ಲ. ಆ ತಾಯಿ ಅಲ್ಲಿ ಇವಳ ಹೆಸರು ಹೇಳಿ ಬೇಡಿಕೊಂಡು ಬಂದಳು, ದೊಡ್ಡವ್ವ ಮರುದಿನದ ಲಿಂಗಪೂಜೆಯಲ್ಲಿ ಅವಳ ಮಗನ ಹೆಸರು ಹೇಳಿದಳು. ಕೀಮೊ ನಡೆಯುತ್ತಿರುವವರು ಜನಜಂಗುಳಿಗೆ ಹೋಗುವ ಮೊದಲು ಡಾಕ್ಟರನ್ನು ಕೇಳಿ, ಸೋಂಕು ಬೇಗ ತಗಲುತ್ತದೆ.

ಚಿಕಿತ್ಸೆ ಮುಗಿದ ಮೇಲೂ ಕೆಲವು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಮೈ ಹಗುರವಾಯಿತೆಂದು ಅದನ್ನು ತಪ್ಪಿಸಬೇಡಿ, ಎಲೆ ಅಡಿಕೆಯ ಜೊತೆಗಿನ ತಂಬಾಕನ್ನು ಮನೆಯೊಳಗೇ ಬಿಟ್ಟುಕೊಳ್ಳಬೇಡಿ. ರೈಲಿನ ರಿಯಾಯಿತಿ ತಪಾಸಣೆಯ ಪ್ರಯಾಣಕ್ಕೂ ಸಿಗುತ್ತದೆ, ಪತ್ರವನ್ನು ಹೊರಡುವಾಗಲೇ ಬರೆಸಿಕೊಳ್ಳಿ. ಅದೇ ರಾತ್ರಿಯ ವಾಪಸು ಟಿಕೆಟ್ ಮಾಡಿಸಬೇಡಿ, ಪರೀಕ್ಷೆಯೊಂದು ಮರುದಿನಕ್ಕೆ ಹೋಗುವುದು ಅಲ್ಲಿ ಸಾಮಾನ್ಯ. ಚೀಲದಲ್ಲಿ ಜಾಗವಿದ್ದರೆ ಐದಾರು ಕಿಲೊ ನುಚ್ಚು ಹೆಚ್ಚಿಗೆ ಒಯ್ದು ಧರ್ಮಶಾಲೆಯ ಅಡುಗೆಕಟ್ಟೆಯಲ್ಲಿ ಕೊಡಿ. ನಮ್ಮ ಕಡೆಯವರು ಅಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.