ನೂರು ಸ್ಥಾನ ಗೆದ್ದರೂ ದಕ್ಕದ ಮೇಯರ್ ಪಟ್ಟ

2015ರ ಆಗಸ್ಟ್ 22ರಂದು ಬೆಂಗಳೂರು ಮಹಾನಗರ ಪಾಲಿಕೆಗೆ ನಡೆದ ಮತದಾನದ ಫಲಿತಾಂಶ ಮೂರು ದಿನಗಳ ನಂತರ ಹೊರಬಿದ್ದಾಗ, 198 ವಾರ್ಡ್‌ಗಳ ಪೈಕಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಮತ್ತು ಇತರರು 8 ಸ್ಥಾನಗಳನ್ನು ಪಡೆದಿದ್ದರು. ಅರ್ಧಕ್ಕಿಂತ ಒಂದು ಸ್ಥಾನ ಹೆಚ್ಚು ಗೆದ್ದ ಪಕ್ಷವೇ ಅಧಿಕಾರ ಹಿಡಿಯುವುದೆಂದು ಆ ದಿನ ನಾನೂ ನಂಬಿದ್ದೆ.

ಆದರೆ ಮೇಯರ್ ಚುನಾವಣೆಯಲ್ಲಿ ವಾರ್ಡ್ ಸದಸ್ಯರೊಂದಿಗೆ ನಗರದ ಶಾಸಕರು, ಸಂಸದರು ಮತ್ತು ವಿಧಾನ ಪರಿಷತ್ ಸದಸ್ಯರಿಗೂ ಮತದಾನದ ಹಕ್ಕಿದ್ದುದರಿಂದ ಲೆಕ್ಕಾಚಾರವೇ ಬದಲಾಯಿತು. ಜೆಡಿಎಸ್ ಮತ್ತು ಪಕ್ಷೇತರರ ಬೆಂಬಲ ಗಳಿಸಿದ ಕಾಂಗ್ರೆಸ್‌ನ ಬಿ.ಎನ್. ಮಂಜುನಾಥ ರೆಡ್ಡಿ ಸೆಪ್ಟೆಂಬರ್ 11ರಂದು ಮೇಯರ್ ಆದರು. ಇದು ಕಾನೂನುಬದ್ಧವೇ ಹೌದು. ಆದರೂ ವಾರ್ಡಿನ ಚರಂಡಿ, ಕಸ, ಬೀದಿದೀಪಗಳಿಗಾಗಿ ಮತ ಹಾಕಿದವನ ತೀರ್ಪನ್ನು ಬೇರೊಂದು ಚುನಾವಣೆಯಲ್ಲಿ ಗೆದ್ದು ಬಂದವರ ಮತ ಬದಲಿಸಬಹುದಾದ ಈ ಏರ್ಪಾಡು ನನಗೆ ಇಂದಿಗೂ ಒಪ್ಪಿತವಲ್ಲ.

ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಬಳಿಕ ಚುನಾವಣೆ ನಡೆಯದೆ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದರು. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯಗಳಲ್ಲಿ ವರ್ಷಗಳು ಉರುಳಿದವು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ಹೋಳಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಗೆ ಸೇರಿದಾಗಲೂ ವಾರ್ಡ್‌ಗಳಿಂದ ಆಯ್ಕೆಯಾದ ಒಬ್ಬ ಸದಸ್ಯನೂ ಅಲ್ಲಿರಲಿಲ್ಲ.