31 ಟಿಪ್ಪಣಿ ಬರೆದೆ, ಬೇಕಾಗಿದ್ದ ಒಂದು ಸಾಲನ್ನು ಹೊಡೆದು ಹಾಕಿದೆ

ಮುಂಬೈ ಉಪನಗರದ ಒಂದು ಕಾಲೇಜಿನಲ್ಲಿ ನಾನು ಮಾಧ್ಯಮ ವಿಷಯ ಪಾಠ ಮಾಡುತ್ತೇನೆ. ಮೂರನೇ ವರ್ಷದ ಡಿಗ್ರಿ ಮಕ್ಕಳು ಪರೀಕ್ಷೆಯ ಜೊತೆಗೆ ಒಂದು ಪ್ರಾಜೆಕ್ಟ್ ಮಾಡಬೇಕು. ಎಲ್ಲರೂ ಸೇರಿ ಆನ್‌ಲೈನ್‌ನಲ್ಲಿ ಒಂದು ಪುಸ್ತಕ ಬರೆಯುವುದು. ತಲೆಗೊಂದು ಅಧ್ಯಾಯ. ಯಾರು ಬೇಕಾದರೂ ಸೇರಿ ಪುಸ್ತಕ ಬರೆಯಬಹುದಾದ ವಿಕಿಬುಕ್ಸ್ ಜಾಲತಾಣ 2003ರಲ್ಲಿ ಶುರುವಾದ ಮೇಲೆ ಹೊರದೇಶದ ಕೆಲವು ವಿಶ್ವವಿದ್ಯಾಲಯಗಳು ಮಕ್ಕಳಿಂದ ಹೀಗೆ ಅಧ್ಯಾಯ ಬರೆಸಿವೆ. ನಾವೂ ಅದೇ ದಾರಿ ಹಿಡಿದೆವು. ಪುಸ್ತಕವನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು, ಹಂಚಬಹುದು, ಬೇಕಾದ ಭಾಗ ತೆಗೆದುಕೊಂಡು ಬಳಸಬಹುದು.

ಕನ್ನಡದ ಗುಂಪು ನನ್ನ ಪಾಲಿಗೆ ಬಂತು. ಎಂಟು ಮಕ್ಕಳು. ಹೆಚ್ಚಿನವರ ಮನೆಮಾತು ತುಳು. ಒಬ್ಬಳ ಅಜ್ಜ-ಅಜ್ಜಿ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಕನ್ನಡ ಎಲ್ಲರಿಗೂ ಬರುತ್ತದೆ, ಬರೆಯುವ ಅಭ್ಯಾಸ ಮಾತ್ರ ಕಡಿಮೆ. ಮುಂಬೈಗೆ ಬಂದ ಕನ್ನಡಿಗರ ದುಡಿಮೆ ಅಂತ ವಿಷಯ ಇಟ್ಟುಕೊಂಡೆವು. ಅಧ್ಯಾಯ ಬರೆಯುವ ಮೊದಲು ಎರಡು ಪುಟದ ಒಂದು ಪ್ಲಾನ್ ಕೊಡಬೇಕು. ಅದನ್ನು ಓದಿ ನಾನು ಅಭಿಪ್ರಾಯ ಹೇಳಬೇಕು. ಈ ಕೆಲಸದಲ್ಲಿ ಮೊದಲ ವರ್ಷ ನಾನು ಮಾಡಿದ ತಪ್ಪಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಒಬ್ಬ ಹುಡುಗ ಉಡುಪಿ ಹೋಟೆಲುಗಳ ಬಗ್ಗೆ ಪ್ಲಾನ್ ಕೊಟ್ಟ. ಪೀಠಿಕೆ, ಇತಿಹಾಸ, ಬೆಳವಣಿಗೆ, ಇಂದಿನ ಸ್ಥಿತಿ, ಸಮಸ್ಯೆಗಳು, ಉಪಸಂಹಾರ. ಪ್ರತಿ ತಲೆಬರಹದ ಕೆಳಗೆ ನಾಲ್ಕೈದು ಸಾಲು. ನಾನು ಗೂಗಲ್ ಡಾಕ್ಸ್‌ನಲ್ಲಿ ತೆರೆದು ಕೂತೆ. ರಾತ್ರಿ ಹನ್ನೊಂದರವರೆಗೆ ಬರೆದೆ. ಕಾಗುಣಿತ ತಿದ್ದಿದೆ. ಮಾಟುಂಗಾದ ರಾಮ ನಾಯಕರ ಹೋಟೆಲು ಶುರುವಾದ ಇಸವಿ 1942 ಅಂತ ಸೇರಿಸಿದೆ. ‘ಆಧಾರ ಎಲ್ಲಿ?’ ಅಂತ ಆರು ಕಡೆ ಕೇಳಿದೆ. ‘ಈ ವಾಕ್ಯ ಮೇಲಕ್ಕೆ ಹೋಗಲಿ’, ‘ಇದು ಕೆಳಗೆ ಬರಲಿ’ ಅಂದೆ. ಮುಗಿದಾಗ ಎಣಿಸಿದೆ, 31 ಟಿಪ್ಪಣಿ. ಇಷ್ಟು ಸಮಯ ಕೊಟ್ಟು ಓದಿದ್ದೇನಲ್ಲ ಅಂತ ಸಮಾಧಾನವಾಗಿತ್ತು.

‘ಇತಿಹಾಸ’ದ ಕೆಳಗೆ ನಾಲ್ಕನೇ ಸಾಲು ಹೀಗಿತ್ತು: ‘ಅಪ್ಪ ಫೋರ್ಟ್‌ನಲ್ಲಿ ಹೋಟೆಲ್ ಕೆಲಸ ಮಾಡಿಕೊಂಡೇ ರಾತ್ರಿ ಶಾಲೆಗೆ ಹೋಗ್ತಿದ್ರು.’ ಅದರ ಮೇಲೆ ಗೆರೆ ಎಳೆದು ‘ವೈಯಕ್ತಿಕ, ತೆಗೆ’ ಅಂತ ಬರೆದೆ.

ಎರಡೇ ದಿನದಲ್ಲಿ ಹೊಸ ಪ್ಲಾನ್ ಬಂತು. 31ಕ್ಕೆ 31 ತಿದ್ದಿದ್ದ. ಮನೆಗೆ ಹೋಗುವಾಗ ಲೋಕಲ್‌ನಲ್ಲಿ ನಿಂತುಕೊಂಡೇ ಫೋನಿನಲ್ಲಿ ಓದಿದೆ. ಒಂದು ತಪ್ಪೂ ಇರಲಿಲ್ಲ. ಆದರೆ ಓದಿ ಮುಗಿಸಿದಾಗ ನನಗೆ ಗೊತ್ತಿಲ್ಲದ್ದು ಒಂದೂ ಸಿಗಲಿಲ್ಲ. ಎಲ್ಲಾ ನಾನೇ ಹೇಳಿದ್ದು. ಹುಡುಗ ಎಲ್ಲೂ ಇರಲಿಲ್ಲ.

ಮರುದಿನ ಕ್ಲಾಸ್ ಮುಗಿದ ಮೇಲೆ ಅವನನ್ನು ಕೂರಿಸಿಕೊಂಡೆ. ‘ನಿನ್ನ ಅಧ್ಯಾಯದಲ್ಲಿ ಏನಿದೆ, ಹೇಳು ನೋಡೋಣ’ ಅಂದೆ. ಫೋನ್ ತೆಗೆದು ಓದೋಕೆ ಶುರು ಮಾಡಿದ. ‘ಓದಬೇಡ, ಸುಮ್ನೆ ಹೇಳು’ ಅಂದೆ. ಬಾಯಿ ಕಟ್ಟಿತು. ಪಾಪ, ಅವನದಲ್ಲದ್ದನ್ನು ಅವನು ಹೇಗೆ ಹೇಳುತ್ತಾನೆ?

ಸ್ವಲ್ಪ ಹೊತ್ತು ಬಿಟ್ಟು ಬೇರೆ ಥರ ಕೇಳಿದೆ. ‘ಎಂಟು ವಿಷಯ ಇತ್ತಲ್ಲ, ನೀನು ಹೋಟೆಲೇ ಯಾಕೆ ಆರಿಸಿದೆ?’

‘ಅಪ್ಪ ಇದ್ರಲ್ಲ ಮೇಡಂ, ಅದಕ್ಕೆ’ ಅಂದ. ಆಮೇಲೆ ಹತ್ತು ನಿಮಿಷ ನಿಲ್ಲಲೇ ಇಲ್ಲ. ಅಪ್ಪ ಹದಿಮೂರನೇ ವಯಸ್ಸಿಗೆ ಊರಿನ ಒಬ್ಬರ ಜೊತೆ ಬಸ್ಸು ಹತ್ತಿ ಬಂದದ್ದು. ಮೊದಲು ಮೋರಿಯಲ್ಲಿ ತಟ್ಟೆ-ಲೋಟ ತೊಳೆದದ್ದು, ಆಮೇಲೆ ಟೇಬಲ್ ಒರೆಸಿದ್ದು, ಆಮೇಲೆ ಸಪ್ಲೈಯರ್ ಆದದ್ದು. ಸಂಜೆ ಚಹಾದ ಗಿರಾಕಿ ಕಡಿಮೆಯಾದ ಕೂಡಲೇ ಧಣಿ ಹುಡುಗರನ್ನು ಶಾಲೆಗೆ ಬಿಡುತ್ತಿದ್ದದ್ದು. ಆರೂವರೆಗೆ ತರಗತಿ. ರಾತ್ರಿ ವಾಪಸ್ ಬಂದು ಎರಡು ಟೇಬಲ್ ಜೋಡಿಸಿ ಅದರ ಮೇಲೆ ಮಲಗುವುದು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು.

ಮಾರನೇ ದಿನ ಅಪ್ಪನ ಒಂದು ನೋಟ್‌ಬುಕ್ ತಂದ. ಅಂಚಿನಲ್ಲಿ ಎಣ್ಣೆಯ ಕಲೆ. ಮುಂದಿನಿಂದ ತೆರೆದರೆ ಬೀಜಗಣಿತ, ದುಂಡಗಿನ ಅಕ್ಷರ. ಹಿಂದಿನಿಂದ ತೆರೆದರೆ ಊರಿಗೆ ಕಳಿಸಿದ ಮನಿಯಾರ್ಡರ್‌ಗಳ ಲೆಕ್ಕ, ತಿಂಗಳು ತಿಂಗಳಿನದು. ಮಧ್ಯದಲ್ಲಿ ಎರಡೂ ಬಂದು ಸೇರುವ ಜಾಗದಲ್ಲಿ ಐದಾರು ಖಾಲಿ ಹಾಳೆ. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ನೋಡಿದೆ. ‘ವೈಯಕ್ತಿಕ, ತೆಗೆ’ ಅಂತ ನಾನು ಬರೆದದ್ದು ಇದಕ್ಕೆ.

ಮುಂಬೈ ಕನ್ನಡಿಗರಿಗೆ ರಾತ್ರಿ ಶಾಲೆ ಅಂದರೆ ಏನು ಅಂತ ಇಲ್ಲಿನವರಿಗೆ ಗೊತ್ತು. ಹಗಲು ಹೋಟೆಲು, ಕ್ಯಾಂಟೀನ್‌ಗಳಲ್ಲಿ ದುಡಿದು, ಸಂಜೆ ಮೇಲೆ ಕಲಿತು, ಬ್ಯಾಂಕು, ಆಫೀಸು, ಸ್ವಂತ ವ್ಯಾಪಾರ ಅಂತ ಮೇಲೆ ಬಂದವರು ಎಷ್ಟೋ ಜನ. ಮೊಗವೀರರು, ಬಿಲ್ಲವರು, ಬಂಟರು, ಹೀಗೆ ಊರಿನಿಂದ ಬಂದವರು ಕಟ್ಟಿಕೊಂಡ ಸಂಘಗಳು ಕಳೆದ ಶತಮಾನದ ಮೊದಲ ಭಾಗದಲ್ಲೇ ಇದ್ದವು. ಮುಂಬೈನ ಮೈಸೂರು ಅಸೋಸಿಯೇಶನ್ 1926ರದು. ಹುಡುಗರಿಗೆ ಶಾಲೆ ಬೇಕು ಅಂತ ಓಡಾಡಿದವರಲ್ಲಿ ಇಂಥ ಸಂಘಗಳ ಜನ ಇದ್ದರು. ಹೋಟೆಲಿನ ಕಥೆಯಿಂದ ಶಾಲೆಯನ್ನು ತೆಗೆದರೆ ಉಳಿಯುವುದು ಇಡ್ಲಿ ಸಾಂಬಾರ್ ಮಾತ್ರ, ಅಲ್ವಾ? ಆ ಹುಡುಗ ಅದನ್ನು ಒಂದು ಸಾಲಿನಲ್ಲಿ ಹಿಡಿದಿದ್ದ.

ಅವತ್ತು ನನಗೆ ಅರ್ಥವಾದದ್ದು ಇದು. ನಾನು ಪ್ಲಾನನ್ನು ಪ್ಲಾನ್ ಅಂತ ಓದಲೇ ಇಲ್ಲ. ಮುಗಿದ ಬರಹ ಅಂದುಕೊಂಡು ಓದಿದೆ. ಕಾಗುಣಿತ, ವಾಕ್ಯ, ಇಸವಿ ಎಲ್ಲಾ ಬರೆದಾದ ಮೇಲೆ ನೋಡುವ ವಿಷಯ. ಪ್ಲಾನಿನಲ್ಲಿ ಇರುವ ಅರ್ಧ ವಾಕ್ಯಗಳು ಹೇಗೂ ಅಧ್ಯಾಯಕ್ಕೆ ಹೋಗುವುದಿಲ್ಲ. ಅವನ್ನು ತಿದ್ದಿ ಏನು ಪ್ರಯೋಜನ? ಪ್ಲಾನಿನಲ್ಲಿ ನೋಡಬೇಕಾದದ್ದು ಈ ಮಗುವಿಗೆ ಏನು ಹೇಳಬೇಕಾಗಿದೆ, ಅದು ಎಲ್ಲಿ ಅಡಗಿದೆ ಅನ್ನುವುದು. ಅದು ಹೆಚ್ಚಾಗಿ ನಾಲ್ಕನೇ ಸಾಲಿನಲ್ಲಿ, ಐದನೇ ಸಾಲಿನಲ್ಲಿ, ಮಕ್ಕಳೇ ಸಂಕೋಚದಿಂದ ಕೊನೆಗೆ ಬರೆದ ಕಡೆ ಇರುತ್ತದೆ.

ಇನ್ನೂ ಒಂದು ಮಾತು. ಟಿಪ್ಪಣಿ 31 ಇದ್ದರೆ ಮಕ್ಕಳಿಗೆ ಎಲ್ಲವೂ ಒಂದೇ ತೂಕ. ‘ದೀರ್ಘ ಬೇಕು’ ಅನ್ನುವುದೂ, ‘ನಿನ್ನ ಅಧ್ಯಾಯದ ಜೀವ ಇದು’ ಅನ್ನುವುದೂ ಒಂದೇ ಬಣ್ಣದ ಡಬ್ಬಿಯಲ್ಲಿ ಪಕ್ಕಪಕ್ಕ ಕೂತಿರುತ್ತವೆ. ಮೇಡಂ ಹೇಳಿದ್ದು ಅಂತ ಒಂದೊಂದಾಗಿ ಮುಗಿಸುತ್ತಾ ಹೋಗುತ್ತಾರೆ. ಯೋಚನೆ ಮಾಡಲು ಜಾಗವೇ ಇರುವುದಿಲ್ಲ.

ಈಗ ಮೊದಲ ಸಲ ಓದುವಾಗ ಕೀಬೋರ್ಡ್ ಮುಟ್ಟುವುದಿಲ್ಲ. ಆಮೇಲೆ ಮಗುವನ್ನು ಕೂರಿಸಿ, ಕಾಗದ ನೋಡದೆ ಅಧ್ಯಾಯ ಹೇಳಿಸುತ್ತೇನೆ. ಹತ್ತು ನಿಮಿಷ ಸಾಕು. ಹೇಳುವಾಗ ದನಿ ಎಲ್ಲಿ ಏರುತ್ತದೆ ಅಂತ ಕೇಳಿಸಿಕೊಳ್ಳುತ್ತೇನೆ. ಅದಾದ ಮೇಲೆ ಮೂರು ಮಾತು ಬರೆಯುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ. ಅದರಲ್ಲಿ ಒಂದಾದರೂ ನಾಳೆ ಬೆಳಿಗ್ಗೆ ಎದ್ದು ಮಾಡುವಂಥದ್ದು ಇರಬೇಕು. ‘ಇನ್ನೂ ಆಳವಾಗಿ ಬರೆ’ ಅಂದರೆ ಮಕ್ಕಳು ಏನು ಮಾಡುತ್ತಾರೆ? ‘ಸಂಘದ ಆಫೀಸಿಗೆ ಹೋಗಿ ಹಳೆಯ ಸ್ಮರಣ ಸಂಚಿಕೆ ಕೇಳು’ ಅಂದರೆ ಶನಿವಾರ ಹೋಗುತ್ತಾರೆ. ಸ್ಮರಣ ಸಂಚಿಕೆಗಳನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ ಅಂತ ಸಂಘಗಳು ತಂದವು. ಜಾಹೀರಾತಿನ ಪುಟಗಳನ್ನೂ ಬಿಡಬೇಡಿ ಅನ್ನುತ್ತೇನೆ. ಯಾವ ಹೋಟೆಲು ಯಾವ ಗಲ್ಲಿಯಲ್ಲಿತ್ತು, ಯಾರ ಹೆಸರಲ್ಲಿತ್ತು ಅನ್ನುವುದು ಅಲ್ಲೇ ಸಿಗುವುದು.

ಬರೀ ತಲೆಬರಹ ಇರುವ ಪ್ಲಾನ್ ಬಂದರೆ ಒಂದು ಪರೀಕ್ಷೆ ಮಾಡಿಸುತ್ತೇನೆ. ನಿನ್ನ ತಲೆಬರಹಗಳನ್ನು ಪಕ್ಕದವಳ ಅಧ್ಯಾಯಕ್ಕೆ ಹಾಕು, ಹೊಂದುತ್ತದಾ? ‘ಇತಿಹಾಸ, ಬೆಳವಣಿಗೆ, ಸಮಸ್ಯೆಗಳು’ ಹೋಟೆಲಿಗೂ ಹೊಂದುತ್ತದೆ, ಸಹಕಾರಿ ಬ್ಯಾಂಕಿಗೂ ಹೊಂದುತ್ತದೆ, ಯಕ್ಷಗಾನಕ್ಕೂ ಹೊಂದುತ್ತದೆ. ಹಾಗಾದರೆ ಅದು ಯಾರದೂ ಅಲ್ಲ. ‘ಧಣಿ ಹುಡುಗರನ್ನು ಶಾಲೆಗೆ ಯಾಕೆ ಬಿಡುತ್ತಿದ್ದರು?’ ಅನ್ನುವ ತಲೆಬರಹ ಬೇರೆ ಎಲ್ಲೂ ಹೋಗುವುದಿಲ್ಲ.

ವಿಜಯಪುರದ ಕಡೆಯ ಹುಡುಗಿಯ ತೊಂದರೆ ಬೇರೆ. ಕರ್ನಾಟಕದಿಂದ ಮುಂಬೈಗೆ ವಲಸೆ ಅಂತ ಇಡೀ ಚರಿತ್ರೆಯನ್ನೇ ಎರಡು ಪುಟಕ್ಕೆ ತಂದಿದ್ದಳು. ಹಡಗಿನ ಕಾಲ, ಬಸ್ಸಿನ ಕಾಲ, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ, ಎಲ್ಲಾ ಇತ್ತು. ಅವಳ ಅಜ್ಜಿ ಹಡಗೂ ಹತ್ತಲಿಲ್ಲ, ಕೊಂಕಣ ರೈಲೂ ಹತ್ತಲಿಲ್ಲ, ಸೊಲ್ಲಾಪುರದ ಮೇಲೆ ಬಂದವರು. ‘ನಿಮ್ಮಜ್ಜಿ ಮುಂಬೈಗೆ ಬಂದ ಮೊದಲ ವಾರ ಎಲ್ಲಿ ಮಲಗಿದ್ರು?’ ಅಂತ ಕೇಳಿದೆ. ‘ಗೊತ್ತಿಲ್ರೀ ಮೇಡಂ, ಕೇಳೇ ಇಲ್ಲ’ ಅಂದಳು. ಅವತ್ತು ಟಿಪ್ಪಣಿಯಾಗಿ ಅದೊಂದೇ ಪ್ರಶ್ನೆ ಕಳಿಸಿದೆ. ವಾರ ಬಿಟ್ಟು ತಂದ ಪ್ಲಾನಿನಲ್ಲಿ ಅರ್ಧ ಕಟ್ಟಿದ ಕಟ್ಟಡದ ನೆಲಮಾಳಿಗೆಯಿಂದ ಕಥೆ ಶುರುವಾಗಿತ್ತು. ಕೊಂಕಣ ರೈಲ್ವೆ ತಾನಾಗಿಯೇ ಬಿದ್ದುಹೋಗಿತ್ತು.

ಆನ್‌ಲೈನ್ ಪುಸ್ತಕ ಅಂದಮೇಲೆ ಪ್ಲಾನಿನಲ್ಲೇ ಹೇಳಬೇಕಾದ ಕೆಲವು ವಿಷಯ ಇವೆ. ಆಮೇಲೆ ಹೇಳಿದರೆ ತಡವಾಗುತ್ತದೆ. ಅಚ್ಚಿನ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಾರೆ. ಇದಕ್ಕೆ ಜನ ಹುಡುಕಾಟದಿಂದ ನೇರ ಐದನೇ ಅಧ್ಯಾಯಕ್ಕೆ ಬಂದು ಇಳಿಯುತ್ತಾರೆ, ಅದೂ ಫೋನಿನಲ್ಲಿ. ‘ಹಿಂದಿನ ಅಧ್ಯಾಯದಲ್ಲಿ ನೋಡಿದಂತೆ’ ಅಂದರೆ ಅವರು ಏನನ್ನೂ ನೋಡಿರುವುದಿಲ್ಲ. ಹಾಗಂತ ಎಂಟು ಅಧ್ಯಾಯಗಳೂ ಮುಂಬೈಗೆ ಹೇಗೆ ಬಂದೆವು ಅನ್ನುವುದರಿಂದಲೇ ಶುರುವಾದರೆ ಓದುವವರಿಗೆ ಸಾಕಾಗುತ್ತದೆ. ಮೊದಲ ವರ್ಷ ಐದು ಪ್ಲಾನ್‌ಗಳಲ್ಲಿ ಹಾಗೇ ಇತ್ತು. ಒಬ್ಬೊಬ್ಬರದೇ ಓದಿದ್ದರಿಂದ ನನಗೆ ತಡವಾಗಿ ಗೊತ್ತಾಯಿತು. ಈಗ ಎಂಟೂ ಪ್ಲಾನ್‌ಗಳನ್ನು ಗೋಡೆಗೆ ಅಂಟಿಸಿ, ಎಲ್ಲರೂ ಎಲ್ಲರದನ್ನೂ ಓದುತ್ತಾರೆ. ದಾರಿಯ ಕಥೆ ಒಬ್ಬರು ಬರೆಯುತ್ತಾರೆ, ಉಳಿದವರು ಅಲ್ಲಿಗೆ ಕೊಂಡಿ ಕೊಡುತ್ತಾರೆ.

ಚಿತ್ರಗಳ ಮಾತೂ ಅಷ್ಟೇ. ‘ಗೂಗಲ್‌ನಲ್ಲಿ ಸಿಕ್ಕಿತು ಮೇಡಂ’ ಅನ್ನುವುದು ಅನುಮತಿ ಅಲ್ಲ. ನಮ್ಮ ಪುಸ್ತಕ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ ಪರವಾನಗಿಯಲ್ಲಿ ಇದೆ. ಅಂದರೆ ಬರೆದವರ ಹೆಸರು ಹೇಳಿ, ಇದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಸೈ. ‘ವ್ಯಾಪಾರಕ್ಕೆ ಬಳಸಬಾರದು’ ಅಂತ ಷರತ್ತು ಇರುವ ಫೋಟೋ ಕೂಡ ಅದರೊಳಗೆ ಬರುವ ಹಾಗಿಲ್ಲ. ಹಳೆಯ ಪುಸ್ತಕದಿಂದ ಪುಟಗಟ್ಟಲೆ ಎತ್ತುವ ಹಾಗೂ ಇಲ್ಲ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಇದನ್ನು ಪ್ಲಾನ್ ಹಂತದಲ್ಲಿ ಹೇಳಿದರೆ ಮಕ್ಕಳು ತಾವೇ ಹೋಗಿ ಫೋಟೋ ತೆಗೆಯುತ್ತಾರೆ. ಹೋಟೆಲ್ ಹುಡುಗ ನೋಟ್‌ಬುಕ್ಕಿನ ಎರಡು ಪುಟಗಳ ಫೋಟೋ ತಾನೇ ತೆಗೆದ. ಅಪ್ಪನ ಒಪ್ಪಿಗೆಯನ್ನು ಕಾಗದದಲ್ಲಿ ಬರೆಸಿಕೊಂಡ. ಅಪ್ಪನ ಹೆಸರು ಹಾಕುವುದು ಬೇಡ ಅಂತ ಮನೆಯಲ್ಲೇ ತೀರ್ಮಾನವಾಯಿತು. ಮನೆಯವರ ನೆನಪು ಒಂದರ ಮೇಲೇ ನಿಲ್ಲಬಾರದು ಅಂತ ಹೇಳಿದ್ದೆ. ಅದೇ ಕಾಲದಲ್ಲಿ ರಾತ್ರಿ ಶಾಲೆಗೆ ಹೋದ ಇನ್ನೂ ಮೂವರನ್ನು ಹುಡುಕಿ ಮಾತಾಡಿಸಿದ.

ಅವನಿಗೆ ಎರಡನೇ ಸಲ ನಾನು ಬರೆದ ಟಿಪ್ಪಣಿ ಚಿಕ್ಕದು. ‘ನಿನ್ನ ನಾಲ್ಕನೇ ಸಾಲು ತೆಗೆಸಿದ್ದು ನನ್ನ ತಪ್ಪು. ಅದನ್ನು ಮೊದಲ ಸಾಲು ಮಾಡು. ಧಣಿಗಳಿಗೆ ಇದರಿಂದ ಏನು ಲಾಭ ಇತ್ತು ಅಂತ ಅಪ್ಪನನ್ನು ಕೇಳು.’ ಶಿಕ್ಷಕರು ತಪ್ಪು ಒಪ್ಪಿಕೊಂಡರೆ ಮಕ್ಕಳಲ್ಲಿ ಗೌರವ ಕಡಿಮೆಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಅದಾದ ಮೇಲೆ ಅವನು ನನ್ನ ಜೊತೆ ವಾದ ಮಾಡೋಕೆ ಶುರು ಮಾಡಿದ. ‘ಇದು ಬೇಕು ಮೇಡಂ, ಯಾಕೆ ಅಂದ್ರೆ...’ ಅಂತ. ನನಗೆ ಬೇಕಾಗಿದ್ದದ್ದೂ ಅದೇ.

ಅಧ್ಯಾಯ ಪ್ರಕಟವಾದ ದಿನ ಅವನು ಲಿಂಕನ್ನು ಅಪ್ಪನಿಗೆ ಕಳಿಸಿದ. ಅವರು ಈಗ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಮಧ್ಯಾಹ್ನದ ಊಟದ ಗಿರಾಕಿ ಹೋದ ಮೇಲೆ ಓದಿದರಂತೆ. ರಾತ್ರಿ ಮನೆಗೆ ಬಂದವರೇ ಬಾಗಿಲಲ್ಲೇ ಹೇಳಿದರಂತೆ, ‘ಕ್ಲಾಸ್ ಆರೂವರೆಗೆ ಅಲ್ಲ ಮಾರಾಯ, ಏಳಕ್ಕೆ. ಆರೂವರೆಗೆ ನಾವು ಇನ್ನೂ ಲೋಟ ತೊಳೀತಾ ಇದ್ದೆವು.’

ಪುಟದ ಇತಿಹಾಸ ತೆರೆದರೆ ಆ ತಿದ್ದುಪಡಿ ಈಗಲೂ ಕಾಣುತ್ತದೆ. ರಾತ್ರಿ 11 ಗಂಟೆ 20 ನಿಮಿಷಕ್ಕೆ ‘ಆರೂವರೆ’ ತೆಗೆದು ‘ಏಳು’ ಅಂತ ಹಾಕಿದ್ದಾನೆ. ಕಾರಣ ಬರೆಯುವ ಜಾಗದಲ್ಲಿ ಎರಡೇ ಪದ: ‘ಅಪ್ಪ ಹೇಳಿದ್ದು.’