ಆಲೆಮನೆ ಹೊಗೆಯ ದೂರು: ಜಾಗ ನೋಡಿಸಿ ಅಂತ ಬರೆದು ಕೇಳಿ

ನಮ್ಮ ಮಂಡ್ಯ ಕಡೆ ಆಲೆಮನೆ ಹೊಗೆ ಹೊಸದೇನಲ್ಲ. ಕೊಪ್ಪರಿಗೆ ಕೆಳಗೆ ಕಬ್ಬಿನ ರಚ್ಚು, ಅಂದರೆ ಹಾಲು ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಉರಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಮಳೆ ಹಿಡಿದು ರಚ್ಚು ಒಣಗದೇ ಇದ್ದಾಗ ಕೆಲವರು ಹಳೇ ಟೈರು, ಪ್ಲಾಸ್ಟಿಕ್ ಒಲೆಗೆ ತುರುಕುತ್ತಾರಲ್ಲ, ಕಷ್ಟ ಶುರುವಾಗುವುದು ಅಲ್ಲಿ. ಮಕ್ಕಳು ರಾತ್ರಿಯೆಲ್ಲ ಕೆಮ್ಮುತ್ತವೆ. ಊರಿನವರು ಪಂಚಾಯಿತಿಗೊಂದು, ಠಾಣೆಗೊಂದು ಅರ್ಜಿ ಕೊಟ್ಟು ಸುಮ್ಮನಾಗುತ್ತಾರೆ.

ಹಾಗೆ ಸುಮ್ಮನಾಗಬೇಡಿ. ಎಸಿ (ಉಪವಿಭಾಗಾಧಿಕಾರಿ) ಅಂದರೆ ಬರೀ ಜಮೀನಿನ ಕೇಸು ನೋಡುವವರು ಅಂದುಕೊಂಡಿದ್ದೇವೆ, ಆದರೆ ಅವರು ಉಪವಿಭಾಗದ ಮ್ಯಾಜಿಸ್ಟ್ರೇಟ್ ಕೂಡ ಹೌದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಜನರ ಆರೋಗ್ಯಕ್ಕೆ ತೊಂದರೆ ಕೊಡುವ ಕಸುಬನ್ನು ನಿಲ್ಲಿಸಿ ಅಥವಾ ಸರಿಪಡಿಸಿ, ಇಲ್ಲವಾದರೆ ಬಂದು ಕಾರಣ ಹೇಳಿ ಅಂತ ಅವರು ಆದೇಶ ಮಾಡಬಹುದು. 2024ರ ಜುಲೈ 1ಕ್ಕೆ ಮೊದಲು ಇದೇ ಹಳೇ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂ ಆಗಿತ್ತು. ಮಧ್ಯಪ್ರದೇಶದ ರತ್ಲಾಂ ಊರಿನ ಜನ ಚರಂಡಿ ನಾತ ತಾಳಲಾರದೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿದ್ದು ಇದೇ ಕಲಂ ಹಿಡಿದು. ಪುರಸಭೆ ದುಡ್ಡಿಲ್ಲ ಅಂದಿತು. ಆ ನೆಪ ನಡೆಯಲ್ಲ ಅಂತ 1980ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ನಾನು ಹೇಳಬೇಕಾಗಿರುವುದು ಮುಂದಿನ ಹಂತದ ಬಗ್ಗೆ. ಆಲೆಮನೆಯವರು ಬಂದು ‘ನಾವು ಟೈರು ಸುಡುವುದೇ ಇಲ್ಲ’ ಅಂದರೆ ವಿಚಾರಣೆ ಶುರು. ಆಗ ಮಾತಿಗೆ ಮಾತು ಬೆಳೆಯುತ್ತೆ, ಸತ್ಯ ಸಿಗಲ್ಲ. ಅದಕ್ಕೇ 158ನೇ ಕಲಂ ಇದೆ. ಮ್ಯಾಜಿಸ್ಟ್ರೇಟ್ ತಮಗೆ ಸರಿ ಕಂಡವರನ್ನು ಕಳಿಸಿ ಜಾಗದಲ್ಲೇ ತನಿಖೆ ಮಾಡಿಸಬಹುದು, ತಜ್ಞರನ್ನು ಕರೆಸಿ ಕೇಳಬಹುದು. ಮಾಡಲೇಬೇಕು ಅಂತಿಲ್ಲ, ಮಾಡಬಹುದು ಅಂತಿದೆ. ಹಾಗಾಗಿ ನಾವೇ ಬರೆದು ಕೇಳಬೇಕು.

ಇಷ್ಟೇ ಸಾಲದು. ಒಲೆ ಉರಿಯುವುದು ರಾತ್ರಿ, ಅಧಿಕಾರಿ ಬರುವುದು ಹಗಲು ಹನ್ನೊಂದಕ್ಕೆ ಅಂದರೆ ಏನು ಕಾಣುತ್ತೆ ಹೇಳಿ? ‘ಹೊಗೆ ಕಂಡುಬಂದಿಲ್ಲ’ ಅಂತ ಮಹಜರು ಬರೆದರೆ ಮುಗೀತು, ಯಾಕಂದರೆ ಆ ವರದಿಯನ್ನೇ ಸಾಕ್ಷ್ಯವಾಗಿ ಓದಬಹುದು ಅಂತ 159ನೇ ಕಲಂ ಹೇಳುತ್ತದೆ. ಆದರೆ ಅದೇ ಕಲಂನಲ್ಲಿ ನಮಗೆ ಬೇಕಾದ್ದೂ ಇದೆ: ತನಿಖೆಗೆ ಹೋಗುವವರಿಗೆ ಏನು ನೋಡಬೇಕು ಅಂತ ಮ್ಯಾಜಿಸ್ಟ್ರೇಟ್ ಲಿಖಿತ ಸೂಚನೆ ಕೊಡಬಹುದು. ಇದನ್ನು ಕೇಳುವವರೇ ಕಡಿಮೆ. ಒಲೆ ಉರಿಯುವ ಹೊತ್ತಿಗೆ ಹೋಗಲಿ, ಬೂದಿ ತೆಗೆದು ಪರೀಕ್ಷೆಗೆ ಕಳಿಸಲಿ, ಟೈರಿನ ತಂತಿ ಬಿದ್ದಿದೆಯಾ ನೋಡಲಿ, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಗಾಳಿ ವಿಷಯ ಗೊತ್ತಿರುವವರನ್ನು ಕರೆಸಿ ಕೇಳಲಿ ಅಂತ ಬಿಡಿಸಿ ಬರೆಯಿರಿ. ಖರ್ಚಿಗೆ ಹೆದರಬೇಡಿ, ಅದನ್ನು ಯಾರು ಕೊಡಬೇಕು ಅಂತ ತೀರ್ಮಾನಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗೇ ಇದೆ.

ಆಲೆಮನೆಯವರೂ ನಮ್ಮವರೇ, ಬೆಲ್ಲದ ರೇಟು ಬಿದ್ದಾಗ ಅವರ ಪಾಡು ನಮಗೂ ಗೊತ್ತು. ನಿಜವಾಗಿ ರಚ್ಚು ಮಾತ್ರ ಸುಡುವವರಿಗೆ ಇಂಥ ತನಿಖೆಯೇ ರಕ್ಷಣೆ. ಅವರೂ ಕೇಳಲಿ.

ಹೊಸ ಕಾನೂನಿನಲ್ಲಿ ಈ ವಿಚಾರಣೆಗೆ 90 ದಿನದ ಗಡುವಿದೆ, ಕಾರಣ ಬರೆದು 120 ದಿನದವರೆಗೆ ಎಳೆಯಬಹುದು. ಅದಕ್ಕೇ ತನಿಖೆಯ ಅರ್ಜಿಯನ್ನು ತಡಮಾಡದೆ ಕೊಡಿ. ವರದಿ ಬಂದ ಕೂಡಲೇ ನಕಲು ಕೇಳಿ, ಯಾವ ದಿನ ಎಷ್ಟು ಹೊತ್ತಿಗೆ ಹೋಗಿದ್ದರು ಅನ್ನುವುದನ್ನು ಮೊದಲು ನೋಡಿ, ಆರಿದ ಒಲೆ ನೋಡಿ ಬರೆದ ವರದಿಯಾಗಿದ್ದರೆ ತಕ್ಷಣ ಆಕ್ಷೇಪಣೆ ಸಲ್ಲಿಸಿ.